ಉತಾರದಲ್ಲಿ ಹೆಸರಿಲ್ಲದ ಒಕ್ಕಲಗಿತ್ತಿ

ಸನತ್‌ನಗರದ ಕನ್ನಡ ಜೈನ ಕುಟುಂಬಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ



ಉರ್ದುವಿನಲ್ಲಿ 'ಸನತ್' ಎಂದರೆ ಕೈಗಾರಿಕೆ. ಆ ಹೆಸರಿನ ಈ ಬಡಾವಣೆಗೆ ಉದ್ಯೋಗವನ್ನರಸಿ ಬಂದ ಕುಟುಂಬಗಳಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯ ಹೊಲಮನೆಗಳ ನಂಟು ಉಳಿಸಿಕೊಂಡವರು ಕಡಿಮೆಯಿಲ್ಲ. ಆ ಹೊಲಗಳಲ್ಲಿ ಕಳೆ ತೆಗೆಸುವವರು, ಎಮ್ಮೆ ಕರೆಯುವವರು, ಆಳುಗಳಿಗೆ ಬುತ್ತಿ ಕಟ್ಟುವವರು ಯಾರು? ತಾಯಿ, ಅತ್ತಿಗೆ, ತಮ್ಮನ ಹೆಂಡತಿ. ಉತಾರ ಯಾರ ಹೆಸರಿನಲ್ಲಿದೆ, ಸೊಸಾಯಿಟಿಯ ಷೇರು ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಉತ್ತರ ಬೇರೆ.

1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಬಡ್ಡಿಯ ಸಾಹುಕಾರನಿಂದ ಒಕ್ಕಲಿಗನನ್ನು ಬಿಡಿಸಲು ಹೊರಟ ಆ ಚಳವಳಿಯ ಕಣ್ಣಿಗೆ ಒಕ್ಕಲಗಿತ್ತಿ ಬೀಳಲಿಲ್ಲ. ಇದು ದುರುದ್ದೇಶವಲ್ಲ. ಬೆಳೆಸಾಲಕ್ಕೆ ಭೂಮಿಯೇ ಆಧಾರ, ಭೂಮಿ ಗಂಡಸಿನ ಹೆಸರಿನಲ್ಲಿ. ಆದ್ದರಿಂದ ಸದಸ್ಯತ್ವವೂ ಮತವೂ ಶೂನ್ಯ ಬಡ್ಡಿಯ ಸಾಲವೂ ಅವನಿಗೇ.

2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೆಯ ತಿದ್ದುಪಡಿಯು ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನಗಳನ್ನು ಕಾದಿರಿಸಿತು. ರಾಜ್ಯಗಳೊಳಗಿನ ಸಂಘಗಳಿಗೆ ಆ ಭಾಗವು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಸಹಕಾರವು ರಾಜ್ಯದ ವಿಷಯ. ಹಾಗೆ ನೋಡಿದರೆ ಸ್ಥಾನ ಕಾದಿರಿಸಿದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. ನಿರ್ದೇಶಕಿಯ ಪತಿ ಸಭೆಯಲ್ಲಿ ಕುಳಿತು, ನಡವಳಿ ಪುಸ್ತಕವೇ ಸಹಿಗಾಗಿ ಅಡುಗೆಮನೆಗೆ ಬರುವ ಸೊಸಾಯಿಟಿಗಳನ್ನು ಬಲ್ಲವರು ಈ ಸಭೆಯಲ್ಲಿಯೂ ಇದ್ದಾರು.

ಹೈದರಾಬಾದಿನವರು ಇದಕ್ಕೆ ಬೇರೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಹಿಂದಿನ ಕರೀಂನಗರ ಜಿಲ್ಲೆಯ ಮುಲ್ಕನೂರಿನಲ್ಲಿ 1956ರಿಂದ ರೈತರ ಹೆಸರಾಂತ ಸಹಕಾರ ಸಂಘವೊಂದಿದೆ. ಆ ಸೀಮೆಯ ಹೆಂಗಸರು ಮೊದಲು ಉಳಿತಾಯ ಸಂಘಗಳನ್ನು ಕಟ್ಟಿಕೊಂಡರು. ತಿಂಗಳಿಗಿಷ್ಟು ಎಂದು ಕೂಡಿಸುವುದು, ತಮ್ಮೊಳಗೇ ಸಾಲ ಕೊಡುವುದು, ವಸೂಲಿ ಮಾಡುವುದು, ಲೆಕ್ಕವನ್ನು ಸದಸ್ಯರ ಮುಂದೆ ಓದುವುದು: ಇಷ್ಟನ್ನು ಕೈಗೂಡಿಸಿಕೊಂಡ ಮೇಲೆ, 2002ರಲ್ಲಿ, ಮಹಿಳೆಯರೇ ಸದಸ್ಯರಾದ ಡೇರಿಯನ್ನು ತೆರೆದರು. ಹಾಲು ಹಾಕುವವಳೇ ಸದಸ್ಯೆ, ಮಂಡಳಿಯೂ ಮಹಿಳೆಯರದೇ. 'ಸ್ವಕೃಷಿ' ಎಂಬ ಹೆಸರಿನಲ್ಲಿ ಅದರ ಹಾಲು ಮಾರಾಟವಾಗುತ್ತದೆ. ಆಂಧ್ರಪ್ರದೇಶದ 1995ರ ಪರಸ್ಪರ ಸಹಾಯಕ ಸಹಕಾರ ಸಂಘಗಳ ಕಾಯ್ದೆಯು ಸರ್ಕಾರದ ಷೇರು ಬಂಡವಾಳವಿಲ್ಲದ ಸಂಘಗಳಿಗೆ ಸ್ವಾಯತ್ತತೆ ನೀಡಿದ್ದು ಇದಕ್ಕೆ ನೆರವಾಯಿತು. ಇಲ್ಲಿ ಗಮನಿಸಬೇಕಾದದ್ದು ಅನುಕ್ರಮ. ಲೆಕ್ಕದ ಅಭ್ಯಾಸ ಮೊದಲು, ಕಟ್ಟಡ ಆಮೇಲೆ.

ಕರ್ನಾಟಕದಲ್ಲಿಯೂ ಹಾಲು ಮಹಾಮಂಡಳದ ಆಶ್ರಯದಲ್ಲಿ ಸಾವಿರಾರು ಮಹಿಳಾ ಹಾಲು ಉತ್ಪಾದಕರ ಸಂಘಗಳಿವೆ. ಬಟವಾಡೆ ಅವಳ ಖಾತೆಗೇ ಜಮೆಯಾದಾಗ ಮನೆಯ ಮಾತುಕತೆಯ ಧಾಟಿ ಬದಲಾಗುತ್ತದೆ. ಹಾಲಿನಲ್ಲಿ ಇದು ಸಾಧ್ಯವಾದದ್ದು ಏಕೆ? ಡೇರಿ ಉತಾರ ಕೇಳುವುದಿಲ್ಲ, ಹಾಲು ಕೇಳುತ್ತದೆ.

ಉತಾರ ಕೇಳುವ ಕಡೆ ಕಾಯ್ದೆ ಹೆಣ್ಣಿನ ಪರವಾಗಿಯೇ ಇದೆ. ಹಿಂದೂ ಉತ್ತರಾಧಿಕಾರ ಅಧಿನಿಯಮ ಜೈನರಿಗೂ ಅನ್ವಯಿಸುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲನ್ನು ಆಂಧ್ರಪ್ರದೇಶವು 1986ರಲ್ಲಿ, ಕರ್ನಾಟಕವು 1994ರಲ್ಲಿ ನೀಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಆದರೂ ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಟ್ಟಲೆ ಕೂಗಬಲ್ಲ ಮನೆತನಗಳಲ್ಲಿ ಸೊಸೆಯ ಹೆಸರಿಗೆ ಒಂದೆಕರೆ ಇರುವುದು ಅಪರೂಪ. ತಂದೆ ತೀರಿಕೊಂಡ ಮೇಲೆ ವಾರಸಾ ಅರ್ಜಿ ಸಿದ್ಧವಾಗುತ್ತದೆ. ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಲು ಹೈದರಾಬಾದಿನಿಂದ ಮಗಳು ರೈಲು ಹತ್ತುತ್ತಾಳೆ. ಹೊಲ ಅಣ್ಣನ ಹೆಸರಿಗೆ ಏರುತ್ತದೆ. ಆ ಹೊಲದಲ್ಲಿ ದುಡಿಯುವ ಅತ್ತಿಗೆಯ ಹೆಸರನ್ನು ಆ ದಿನ ಯಾರೂ ಎತ್ತುವುದಿಲ್ಲ.

ಊರು ಬಿಟ್ಟ ಮಗನಿಗೂ ಮಗಳಿಗೂ ಬಾಯಿ ತೆರೆಯಲು ಸಿಗುವ ಸಮಯ ಅದೇ. ತಮ್ಮ ಪಾಲು ಬಿಡುವುದೇ ಆದರೆ, ವಿಭಾಗವಾದ ಮೇಲೆ ಅದನ್ನು ತಾಯಿಗೋ ಹೊಲ ನೋಡಿಕೊಳ್ಳುವ ಅತ್ತಿಗೆಗೋ ದಾನಪತ್ರದ ಮೂಲಕ ಕೊಡಬಹುದು. ಅವಳ ಹೆಸರು ಉತಾರಕ್ಕೆ ಬಂದ ಮೇಲೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಷೇರು ಹಣ ಕಟ್ಟಿ ಸದಸ್ಯತ್ವದ ಅರ್ಜಿ ಹಾಕಬಹುದು. ಮುಂದಿನ ಮಹಾಸಭೆಯ ನೋಟೀಸು ಅವಳ ಹೆಸರಿಗೇ ಬರಬೇಕು, ಹೋಗಿ ಕೂರಬೇಕಾದವಳೂ ಅವಳೇ.