ಸ್ತ್ರೀನೈರ್ಮಲ್ಯದ ಹೆಸರಿನ ವ್ಯಾಪಾರ



ಸಮಾಜದ ಸಭೆಗಳಲ್ಲಿ ಸಾಮಾನ್ಯವಾಗಿ ಎತ್ತದ ವಿಷಯವೊಂದನ್ನು ಇಂದು ಎತ್ತಿಕೊಳ್ಳಲಾಗಿದೆ. ಪುರುಷರು ಮುಜುಗರಪಟ್ಟು ಎದ್ದು ಹೋಗಬೇಕಾಗಿಲ್ಲ. ಈ ವ್ಯಾಪಾರ ಬಹುಮಟ್ಟಿಗೆ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ.

1930ರ ದಶಕದ ಅಮೆರಿಕದ ಮಹಿಳಾ ಪತ್ರಿಕೆಗಳಲ್ಲಿ ಲೈಸಾಲ್ ಎಂಬ ಕ್ರಿಮಿನಾಶಕದ ಜಾಹೀರಾತುಗಳು ಬರುತ್ತಿದ್ದವು. ಮನೆ ತೊಳೆಯುವ ಆ ದ್ರಾವಣವನ್ನೇ ನೀರಿಗೆ ಬೆರೆಸಿ ಯೋನಿಯ ಒಳಭಾಗವನ್ನು ತೊಳೆದುಕೊಳ್ಳದಿದ್ದರೆ ಗಂಡನ ಪ್ರೀತಿ ಉಳಿಯದು ಎಂಬುದು ಅವುಗಳ ಸಾರ. ‘ಸ್ತ್ರೀನೈರ್ಮಲ್ಯ’ ಎಂಬ ಮಾತು ಅಲ್ಲಿ ಗರ್ಭನಿರೋಧಕ್ಕೆ ಗುಪ್ತನಾಮವೂ ಆಗಿತ್ತು. ಅದನ್ನು ಬಹಿರಂಗವಾಗಿ ಪ್ರಚಾರ ಮಾಡಲು 1873ರ ಕಾಮ್‌ಸ್ಟಾಕ್ ಕಾನೂನು ಅಡ್ಡಿಯಾಗಿತ್ತು. ಆ ಕಾಲದ ಲೈಸಾಲಿನಲ್ಲಿದ್ದ ಕ್ರೆಸಾಲ್ ಮೃದುವಾದ ಒಳಚರ್ಮವನ್ನು ಸುಡುತ್ತಿತ್ತು. ನಂಬಿದವರಿಗೆ ಗರ್ಭವೂ ನಿಲ್ಲುತ್ತಿತ್ತು.

2012ರಲ್ಲಿ ಭಾರತದ ಕಿರುತೆರೆಯಲ್ಲಿ ಕ್ಲೀನ್ ಅಂಡ್ ಡ್ರೈ ಎಂಬ ದ್ರಾವಣದ ಜಾಹೀರಾತು ಬಂದಿತು. ಗಂಡ ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದಾನೆ, ಹೆಂಡತಿಯತ್ತ ಕಣ್ಣೆತ್ತುವುದಿಲ್ಲ. ಗುಪ್ತಾಂಗದ ಚರ್ಮವನ್ನು ಬೆಳ್ಳಗೆ ಮಾಡುವುದೆಂಬ ಆ ದ್ರಾವಣದಿಂದ ಆಕೆ ತೊಳೆದುಕೊಂಡ ಮೇಲೆ ನೋಡುತ್ತಾನೆ. ಸುಮಾರು 80 ವರ್ಷ ಕಳೆದರೂ ಕಥೆ ಅದೇ. ಚಿಕಿತ್ಸೆ ಬೇಕಾದದ್ದು ಪತ್ರಿಕೆಯಿಂದ ತಲೆ ಎತ್ತದ ಮಹಾಶಯನಿಗೆ ಎಂಬುದು ಬರೆದವರಿಗೆ ಹೊಳೆದಂತಿಲ್ಲ.

ಸಿರಿವಂತರ ಮಾರುಕಟ್ಟೆಯಲ್ಲಿ ಇದೇ ಸರಕು ಬೇರೆ ವೇಷ ಧರಿಸುತ್ತದೆ. ನಟಿ ಗ್ವಿನೆತ್ ಪಾಲ್ಟ್ರೋ ಸ್ಥಾಪಿಸಿದ ಗೂಪ್ ಸಂಸ್ಥೆಯು ಯೋನಿಯೊಳಗೆ ಇರಿಸಿಕೊಳ್ಳುವ ಜೇಡ್ ಕಲ್ಲಿನ ಮೊಟ್ಟೆಯನ್ನು 66 ಡಾಲರಿಗೆ ಮಾರಿತು. ಅದು ಹಾರ್ಮೋನುಗಳನ್ನು ಸಮತೋಲನಗೊಳಿಸಿ ಮುಟ್ಟನ್ನು ಕ್ರಮಪಡಿಸುವುದೆಂದು ಹೇಳಿಕೊಂಡಿತು. ಕ್ಯಾಲಿಫೋರ್ನಿಯಾದ ಸರ್ಕಾರಿ ವಕೀಲರು ಆಧಾರ ಕೇಳಿದಾಗ, 2018ರಲ್ಲಿ 1,45,000 ಡಾಲರ್ ತೆತ್ತು ಪ್ರಕರಣವನ್ನು ಮುಗಿಸಿಕೊಂಡಿತು.

ಯೋನಿಯು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಅಂಗ. ಅಲ್ಲಿ ನೆಲಸಿರುವ ಲ್ಯಾಕ್ಟೊಬ್ಯಾಸಿಲಸ್ ಜೀವಾಣುಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಆಮ್ಲೀಯತೆಯನ್ನು 3.8ರಿಂದ 4.5ರ ಪಿಎಚ್ ಮಟ್ಟದಲ್ಲಿ ಇರಿಸುತ್ತವೆ. ರೋಗಕಾರಕಗಳಿಗೆ ಆ ನೆಲ ಒಗ್ಗದು. ಒಳಗೆ ದ್ರಾವಣ ಹಾಯಿಸಿದರೆ ಮೊದಲು ಅಳಿಯುವುದು ಈ ಕಾವಲುಗಾರರೇ. ಅನಂತರ ಸೋಂಕು, ಸೋಂಕಿನಿಂದ ದುರ್ವಾಸನೆ, ದುರ್ವಾಸನೆಗೆ ಮತ್ತೊಂದು ಸೀಸೆ. ಹೊರಭಾಗಕ್ಕೆ ಬರಿಯ ನೀರು ಸಾಕು.

ಶುಚಿ, ಅಶುಚಿ ಎಂಬ ಮಾತುಗಳು ಜೈನ ಮನೆಗಳಿಗೆ ಹೊಸತಲ್ಲ. ಮಾರಾಟಗಾರರಿಗೆ ಅದೊಂದು ಸಿದ್ಧವಾದ ಹೊಲ. ಆದರೆ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಅಶುಚಿ ಭಾವನೆಯು ಸಕಲರ ದೇಹದ ಕುರಿತು ಹೇಳಿದ್ದು. ಅದು ಹೆಣ್ಣಿನ ಒಂದು ಅಂಗವನ್ನು ಬೊಟ್ಟುಮಾಡಿ ತೋರಿಸಿದ್ದಲ್ಲ. ಮುಟ್ಟಾದವಳನ್ನು ಮೂಲೆಯಲ್ಲಿ ಕೂರಿಸಿದ ಮನೆಯೇ, ಮಗಳು ಸುವಾಸನೆಯ ಸೀಸೆ ತಂದಾಗ ಆಶ್ಚರ್ಯಪಡುವುದು ವಿಚಿತ್ರ.

ಕಾನೂನು ಇಲ್ಲವೆಂದಲ್ಲ. ಮುಟ್ಟಿನ ದೋಷಗಳನ್ನು ಸರಿಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮವು ನಿಷೇಧಿಸಿದೆ. ಆದುದರಿಂದಲೇ ಮಾರಾಟಗಾರರು ‘ಗುಣಪಡಿಸುತ್ತದೆ’ ಎನ್ನುವ ಬದಲು ‘ತಾಜಾತನ’, ‘ಆತ್ಮವಿಶ್ವಾಸ’, ‘ಸಮತೋಲನ’ ಎಂಬ ಮಾತುಗಳನ್ನು ಆಯ್ದುಕೊಳ್ಳುತ್ತಾರೆ. ಆತ್ಮವಿಶ್ವಾಸಕ್ಕೆ ಯಾವ ಪ್ರಯೋಗಾಲಯದಲ್ಲೂ ಪರೀಕ್ಷೆಯಿಲ್ಲ.

ಸೀಸೆಗೆ ಹೋಗುವ ಹಣ ದೊಡ್ಡ ನಷ್ಟವಲ್ಲ, ಕಳೆದುಹೋಗುವ ತಿಂಗಳುಗಳು ನಷ್ಟ. ಗರ್ಭಕೊರಳಿನ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್‌ಗಳಲ್ಲಿ ಎರಡನೆಯದು. ನಿಲ್ಲದ ದುರ್ವಾಸನೆಯ ಸ್ರಾವ, ಸಂಭೋಗದ ಬಳಿಕ ರಕ್ತ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುವುದು ಅದರ ಲಕ್ಷಣಗಳಾಗಿರಬಹುದು. ಇವನ್ನು ಸುಗಂಧದಿಂದ ಮುಚ್ಚಿದವಳು ವೈದ್ಯರ ಬಳಿಗೆ ತಡವಾಗಿ ತಲುಪುತ್ತಾಳೆ.

ಹೊರನಾಡಿನಲ್ಲಿ ಇನ್ನೊಂದು ತೊಡಕೂ ಇದೆ. ಬೆಳಗಾವಿಯಿಂದಲೋ ಮೂಡಬಿದಿರೆಯಿಂದಲೋ ಮದುವೆಯಾಗಿ ಬಂದ ಸೊಸೆಗೆ ‘ಬಿಳಿಸೆರಗು’ ಎಂಬುದನ್ನು ಈ ಊರಿನ ವೈದ್ಯರಿಗೆ ಹೇಗೆ ಹೇಳಬೇಕೆಂದು ತಿಳಿಯದು. ಅಂಗಡಿಯ ಸೀಸೆಯಾದರೋ ಏನನ್ನೂ ಕೇಳುವುದಿಲ್ಲ. ಹಿಂದಿಯಲ್ಲಿ ‘ಸಫೇದ್ ಪಾನೀ’ ಎನ್ನುತ್ತಾರೆ, ಮರಾಠಿಯಲ್ಲಿ ‘ಅಂಗಾವರೂನ್ ಪಾಂಢರೇ ಜಾಣೇ’, ತೆಲುಗಿನಲ್ಲಿ ‘ತೆಲ್ಲಬಟ್ಟ’, ತಮಿಳಿನಲ್ಲಿ ‘ವೆಳ್ಳೈಪ್ಪಡುದಲ್’. ಸಭೆ ಮುಗಿದ ಮೇಲೆ ಅತ್ತೆಯಂದಿರು ಈ ನಾಲ್ಕು ಮಾತುಗಳನ್ನು ಬರೆದುಕೊಂಡು ಹೋಗಿ ಸೊಸೆಯಂದಿರಿಗೆ ಕೊಡಬಹುದು.