ಹುರಿಯುವ ಮುನ್ನ ಒಂದು ಹಿಡಿ ಬೀಜ



ಸಿಹಿಗುಂಬಳವು ಈ ನೆಲದ ಮೂಲ ಬೆಳೆಯಲ್ಲ. ಅಮೆರಿಕ ಖಂಡಗಳಲ್ಲಿ ಸಾವಿರಾರು ವರ್ಷ ಕೃಷಿಯಲ್ಲಿದ್ದ ಈ ಬಳ್ಳಿಯು 1492ರ ಅನಂತರದ ಸಮುದ್ರಯಾನಗಳಿಂದಾಗಿ ಇತ್ತ ಬಂದಿತು. ಆದರೂ ಮಲೆನಾಡಿನ ಹಿತ್ತಿಲು ಅದನ್ನು ತನ್ನದಾಗಿಸಿಕೊಂಡಿದೆ. ಗೊಬ್ಬರಗುಂಡಿಯ ಅಂಚಿನಲ್ಲಿ ಹಬ್ಬಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಉಳಿದು, ಮಳೆಗಾಲದ ಅಡುಗೆಗೆ ಒದಗುವ ಕಾಯಿ ಇದು. ಅದರ ತಿರುಳನ್ನು ಪಲ್ಯ, ಹುಳಿಗಳಿಗೆ ಬಳಸಿ ಬೀಜವನ್ನು ತಿಪ್ಪೆಗೆಸೆಯುವ ರೂಢಿ ಅನೇಕ ಮನೆಗಳಲ್ಲಿದೆ. ಇದರಿಂದ ನಷ್ಟವಾಗುವುದು ಎರಡು: ಆಹಾರ ಮತ್ತು ತಳಿ.

ಮೊದಲು ಆಹಾರದ ಮಾತು. ಸಿಪ್ಪೆ ತೆಗೆದ 100 ಗ್ರಾಂ ಬೀಜದಲ್ಲಿ ಸುಮಾರು 30 ಗ್ರಾಂ ಸಸಾರಜನಕವೂ 7 ಮಿಲಿಗ್ರಾಂನಷ್ಟು ಸತುವೂ ಇರುತ್ತವೆ. ಬೀಜವನ್ನು ನಾರಿನಿಂದ ಬಿಡಿಸಿ ತೊಳೆದು, ಉಪ್ಪುನೀರಿನಲ್ಲಿ 10 ನಿಮಿಷ ಕುದಿಸಿ ಬಸಿಯಬೇಕು. ಆಗ ಉಪ್ಪು ಒಳಗೂ ಇಳಿಯುತ್ತದೆ. ಬಟ್ಟೆಯ ಮೇಲೆ ಹರವಿ ಚೆನ್ನಾಗಿ ಆರಿಸಿದ ಬಳಿಕ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಹುರಿಯಬೇಕು. ತೇವ ಉಳಿದಿದ್ದರೆ ಹೊರಗೆ ಕರಿಕಾಗಿ ಒಳಗೆ ಮೆತ್ತಗಾಗುತ್ತದೆ. ಚಟಪಟನೆ ಸಿಡಿದು ಹೊಂಬಣ್ಣಕ್ಕೆ ತಿರುಗಿದಾಗ ಒಂದು ಚಮಚ ತೆಂಗಿನೆಣ್ಣೆ, ಕಾಳುಮೆಣಸಿನ ಪುಡಿ, ಚಿಟಿಕೆ ಅರಿಶಿನ, ಇಂಗು ಸೇರಿಸಿ ಇಳಿಸಬೇಕು. ಒಳಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಕಮಟು ವಾಸನೆ ಬೇಗ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದೆರಡು ವಾರದೊಳಗೆ ಮುಗಿಸುವುದು ಲೇಸು. ತಿರುಳು ಕಹಿಯಾಗಿದ್ದರೆ ಆ ಕಾಯಿಯ ಬೀಜವನ್ನು ತಿನ್ನಲೂಬಾರದು, ಬಿತ್ತಲೂಬಾರದು.

ಹುರಿದ ಬೀಜ ಮೊಳೆಯದು. ಆದುದರಿಂದ ಬಾಣಲೆ ಒಲೆಗೇರುವ ಮುನ್ನವೇ ಆಯ್ಕೆ ನಡೆಯಬೇಕು. ಬಳ್ಳಿಯಲ್ಲೇ ಪೂರ್ಣ ಬಲಿತು, ಅಟ್ಟದಲ್ಲಿ ಕೆಲವು ವಾರ ಕಳೆದ ಉತ್ತಮ ಕಾಯಿಗಳಿಂದ ತುಂಬಿದ ಬೀಜಗಳನ್ನು ಆರಿಸಿ, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡಬೇಕು. ಬಗ್ಗಿಸಿದಾಗ ಬಾಗದೆ ಮುರಿದರೆ ಬೀಜ ಒಣಗಿದೆಯೆಂದು ತಿಳಿಯಬಹುದು. ಜೇನ್ನೊಣಗಳು ಪಕ್ಕದ ತೋಟದ ಪರಾಗವನ್ನೂ ತರುತ್ತವೆ. ತಳಿ ಬೆರೆಯದಿರಬೇಕಾದರೆ ಮರುದಿನ ಅರಳಲಿರುವ ಗಂಡು, ಹೆಣ್ಣು ಮೊಗ್ಗುಗಳನ್ನು ಸಂಜೆಯೇ ದಾರದಿಂದ ಕಟ್ಟಿಟ್ಟು, ಮುಂಜಾನೆ ಬಿಚ್ಚಿ, ಕೈಯಿಂದಲೇ ಪರಾಗ ಸೋಕಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಬೇಕು.

ಅಂಗಡಿಯ ಸಂಕರ ತಳಿಯ ಕಾಯಿಯಿಂದ ತೆಗೆದ ಬೀಜ ಅದೇ ಗುಣದ ಬೆಳೆಯನ್ನು ಕೊಡುವುದಿಲ್ಲ; ಪ್ರತಿ ಹಂಗಾಮಿನಲ್ಲಿಯೂ ಹೊಸದಾಗಿ ಕೊಳ್ಳಬೇಕು. ನಾಟಿ ತಳಿಗೆ ಈ ಹಂಗಿಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ನೀಡಿದೆ. ಮನೆಯಲ್ಲಿ ಬೀಜವೇ ಉಳಿಯದಿದ್ದರೆ ಆ ಹಕ್ಕು ಕಾಗದದಲ್ಲಷ್ಟೇ ಇರುತ್ತದೆ. ಬಲಿತ ಕಾಯಿಯೊಂದರಲ್ಲಿ ನೂರಾರು ಬೀಜಗಳಿರುತ್ತವೆ. ಒಂದು ಹಿಡಿ ಬಿತ್ತನೆಗೆ, ಒಂದು ಹಿಡಿ ನೆರೆಮನೆಗೆ ತೆಗೆದಿಟ್ಟರೂ ಮಕ್ಕಳ ಸಂಜೆಯ ತಿನಿಸಿಗೆ ಕೊರತೆಯಾಗದು.