ಹೊಸ ಕೊಟ್ಟಿಗೆ: ಬಿಸಿಲು, ಚಳಿಗೆ ಎಲ್ಲೆಲ್ಲಿ ಏನು ತಡೆ?

(ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಕೊಟ್ಟಿಗೆ ಕಟ್ಟುವವರು ಮೊದಲು ಕೇಳುವುದು, "ಗೋಡೆ ಎಷ್ಟು ಎತ್ತರ ಡಾಕ್ಟ್ರೇ?" ಎಂದು. ಮೊದಲು ಛಾವಣಿ ನೋಡಿ ಎನ್ನುತ್ತೇನೆ ನಾನು.

ಕಳೆದ ಬೇಸಿಗೆಯಲ್ಲಿ ಸದಸ್ಯರೊಬ್ಬರ ಮನೆಗೆ ಹೋಗಿದ್ದೆ. ಸಾಲ ಮಾಡಿ ಕಟ್ಟಿದ ಕೊಟ್ಟಿಗೆ. ತಗ್ಗಾದ ತಗಡಿನ ಛಾವಣಿ, ಸುತ್ತಲೂ ಗೋಡೆ. ಮಧ್ಯಾಹ್ನ ಎರಡು ಗಂಟೆಗೆ ಎಚ್.ಎಫ್. ಹಸು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮೇವು ಮುಟ್ಟಿರಲಿಲ್ಲ, ಹಾಲು ಇಳಿದಿತ್ತು. ಪರೀಕ್ಷಿಸಿದರೆ ಸೋಂಕೇನೂ ಇಲ್ಲ. ಎಲ್ಲವೂ ತಗಡಿನ ಕಾವು. ಈ ತಳಿಗೆ 25 ಡಿಗ್ರಿ ಸೆಲ್ಸಿಯಸ್ ದಾಟಿದರೇ ಕಷ್ಟ ಶುರು.

ಛಾವಣಿ: ತಗಡಿನ ಮೇಲೆ ತೆಂಗಿನ ಗರಿ ಅಥವಾ ಭತ್ತದ ಹುಲ್ಲನ್ನು ಅರ್ಧ ಅಡಿ ದಪ್ಪ ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿಯಿರಿ. ವಿದ್ಯುತ್ ತಂತಿ ಹತ್ತಿರ ಬೇಡ. ಹುಲ್ಲಿಲ್ಲದವರು ತಗಡಿಗೆ ಸುಣ್ಣ ಬಳಿಯಿರಿ.

ಗೋಡೆ: ನಾಲ್ಕು ಅಡಿ ಸಾಕು, ಮೇಲೆ ಗಾಳಿಯಾಡಲಿ. ಚಳಿಗಾಲದ ರಾತ್ರಿ ಗಾಳಿ ಬೀಸುವ ಕಡೆಗೆ ಗೋಣಿಪರದೆ ಇಳಿಬಿಡಿ, ಬೆಳಿಗ್ಗೆ ಸುತ್ತಿಡಿ. ಪೂರ್ತಿ ಮುಚ್ಚಿದರೆ ಗಂಜಲದ ಅಮೋನಿಯಾ ಒಳಗೇ ನಿಂತು ಕರುಗಳ ಶ್ವಾಸಕೋಶ ಕೆಡುತ್ತದೆ.

ನೆಲ: ಸಿಮೆಂಟು ಕರುವಿನ ಮೈಶಾಖ ಹೀರುತ್ತದೆ. ರಾತ್ರಿ ಒಣಹುಲ್ಲು ದಪ್ಪಗೆ ಹಾಸಿ. ಒದ್ದೆಯಾದದ್ದನ್ನು ಬೆಳಿಗ್ಗೆ ತಿಪ್ಪೆಗೆ ಹಾಕಿ. ಹಸುವಿಗೆ ರಬ್ಬರ್ ಹಾಸು ಒಳ್ಳೆಯದು, ಆದರೆ ಅದನ್ನೆತ್ತಿ ಅಡಿಯನ್ನೂ ತೊಳೆಯಬೇಕು.

ಹಣ ಕಡಿಮೆಯಿದ್ದರೆ ಮೊದಲು ಛಾವಣಿ, ಆಮೇಲೆ ಕರುವಿನ ಹಾಸಿಗೆ, ಗೋಡೆ ಕೊನೆಗೆ. ಆ ಸದಸ್ಯರು ಗರಿ ಹೊದಿಸಿ, ಅರ್ಧ ಗೋಡೆ ಒಡೆಸಿದರು. ಹಸು ಮತ್ತೆ ಮೇವಿಗೆ ಬಾಯಿ ಹಾಕಿತು. ಗೋಡೆಗೆ ಸುರಿದ ಸಾಲದ ಹಣ ಮಾತ್ರ ಹಿಂದೆ ಬರಲಿಲ್ಲ.

ನಾಳೆ ಮಧ್ಯಾಹ್ನ ನಿಮ್ಮ ಕೊಟ್ಟಿಗೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ನಿಮಗೆ ತಡೆಯಲಾಗದ್ದು ಹಸುವಿಗೂ ಆಗದು.